ಲಾರಿ ನಿನ್ನದು, ಹೊಣೆ ನಿನ್ನದು, ದರ ಮಾತ್ರ ನಮ್ಮದು

ಅಮೆರಿಕದ ಹೆದ್ದಾರಿಯ ಲಾರಿ ಚಾಲಕನ ಬಗ್ಗೆ ನಮ್ಮಲ್ಲಿ ಒಂದು ಮೋಹವಿದೆ. ಸಿನಿಮಾಗಳು ಕೊಟ್ಟ ಮೋಹ ಅದು: ಹದಿನೆಂಟು ಗಾಲಿಯ ಗಾಡಿ, ಮುಗಿಯದ ರಸ್ತೆ, ತಲೆಯ ಮೇಲೆ ಯಜಮಾನನಿಲ್ಲದ ಬದುಕು. ಸ್ವಂತ ಗಾಡಿ ಓಡಿಸುವವನನ್ನು ಅಲ್ಲಿ ಓನರ್-ಆಪರೇಟರ್ ಎನ್ನುತ್ತಾರೆ. ಜೊತೆಗೆ ‘ಇಂಡಿಪೆಂಡೆಂಟ್’ ಎಂಬ ವಿಶೇಷಣವನ್ನೂ ಅಂಟಿಸುತ್ತಾರೆ. ನನ್ನ ತಕರಾರು ಇರುವುದು ಈ ವಿಶೇಷಣದ ಬಗ್ಗೆ. ಬಾಡಿಗೆ ಎಷ್ಟು, ಲೋಡು ಯಾವಾಗ ಮುಟ್ಟಬೇಕು ಎಂದು ತೀರ್ಮಾನಿಸುವಾಗ ಈ ಸ್ವತಂತ್ರನನ್ನು ಯಾರೂ ಕೇಳುವುದಿಲ್ಲ. ಅಪಘಾತವಾದಾಗ ಮಾತ್ರ ಎಲ್ಲರಿಗೂ ಅವನ ಸ್ವಾತಂತ್ರ್ಯ ನೆನಪಾಗುತ್ತದೆ.

ಒಪ್ಪಬೇಕಾದ ಮಾತನ್ನು ಮೊದಲೇ ಒಪ್ಪಿಬಿಡೋಣ. ಹಳೆಯ ವ್ಯವಸ್ಥೆ ಚೆನ್ನಾಗಿರಲಿಲ್ಲ. 1935ರ ಮೋಟಾರ್ ಕ್ಯಾರಿಯರ್ ಕಾಯ್ದೆಯ ಪ್ರಕಾರ ರಾಜ್ಯದಿಂದ ರಾಜ್ಯಕ್ಕೆ ಬಾಡಿಗೆ ಸರಕು ಸಾಗಿಸಲು ಇಂಟರ್‌ಸ್ಟೇಟ್ ಕಾಮರ್ಸ್ ಕಮಿಷನ್ನಿನ ಅನುಮತಿ ಬೇಕಿತ್ತು. ಹೊಸಬನಾದವನು ತನ್ನ ಸೇವೆ ಸಾರ್ವಜನಿಕರಿಗೆ ಅಗತ್ಯವೆಂದು ಸಾಬೀತು ಮಾಡಬೇಕು. ಆ ದಾರಿಯಲ್ಲಿ ಆಗಲೇ ಓಡುತ್ತಿದ್ದ ಕಂಪನಿಗಳು ಅದಕ್ಕೆ ಆಕ್ಷೇಪ ಎತ್ತಬಹುದು. ಯಾವ ಸರಕು, ಯಾವ ದಾರಿ ಎಂಬುದೂ ಅನುಮತಿಯಲ್ಲೇ ನಮೂದಾಗಿರುತ್ತಿತ್ತು. ಹೋಗುವಾಗ ತುಂಬಿದ ಗಾಡಿ ಬರುವಾಗ ಖಾಲಿ ಬರುತ್ತಿತ್ತು. ಕೃಷಿ ಉತ್ಪನ್ನಗಳಿಗೆ ವಿನಾಯಿತಿ ಇದ್ದುದರಿಂದ ಒಂಟಿ ಗಾಡಿಯವರು ಹಣ್ಣು ತರಕಾರಿ ಹೇರಿಕೊಂಡು ಬದುಕುತ್ತಿದ್ದರು. 1980ರ ಜುಲೈ 1ರಂದು ಜಿಮ್ಮಿ ಕಾರ್ಟರ್ ಸಹಿ ಹಾಕಿದ ಹೊಸ ಕಾಯ್ದೆ ಈ ಕಟ್ಟುಗಳನ್ನು ಬಹುಮಟ್ಟಿಗೆ ಬಿಚ್ಚಿತು.

ಇಂದು ಅರ್ಜಿ ಹಾಕುವುದು ಸುಲಭ. ಫೆಡರಲ್ ಮೋಟಾರ್ ಕ್ಯಾರಿಯರ್ ಸೇಫ್ಟಿ ಅಡ್ಮಿನಿಸ್ಟ್ರೇಷನ್ ಎಂಬ ಇಲಾಖೆಗೆ 300 ಡಾಲರ್ ಶುಲ್ಕ ಕಟ್ಟಬೇಕು. ಕೋರ್ಟಿನ ಕಾಗದಪತ್ರ ಸ್ವೀಕರಿಸಲು ರಾಜ್ಯರಾಜ್ಯಗಳಲ್ಲಿ ಪ್ರತಿನಿಧಿಗಳನ್ನು ತೋರಿಸಬೇಕು. ನಂತರ ವಿಮಾ ಕಂಪನಿಯೇ ನೇರವಾಗಿ ಇಲಾಖೆಗೆ ಪುರಾವೆ ಸಲ್ಲಿಸಬೇಕು: ದೊಡ್ಡ ಗಾಡಿಯಲ್ಲಿ ಸಾಮಾನ್ಯ ಸರಕಿಗೆ ಕನಿಷ್ಠ 7,50,000 ಡಾಲರ್‌ಗಳ ಹೊಣೆಗಾರಿಕೆ ವಿಮೆ. ಇಷ್ಟಾದ ಮೇಲೆ ಸಿಗುವುದೇ ‘ಆಪರೇಟಿಂಗ್ ಅಥಾರಿಟಿ’, ಅಂದರೆ ತನ್ನ ಹೆಸರಿನಲ್ಲೇ ಬಾಡಿಗೆ ಹೊಡೆಯುವ ಅಧಿಕಾರ. ಆಮೇಲೂ ಹದಿನೆಂಟು ತಿಂಗಳು ಹೊಸಬನೆಂಬ ನಿಗಾ ಇರುತ್ತದೆ.

ಬಾಗಿಲು ತೆರೆದಿದೆ ನಿಜ, ಹೊಸ್ತಿಲಿನ ಎತ್ತರ ಗೊತ್ತಾಗುವುದು ವಿಮೆಯ ಕಂತು ಕೇಳಿದಾಗ. ಹೊಸ ಅಧಿಕಾರ ಪಡೆದ ಒಂದೇ ಗಾಡಿಯವನಿಗೆ ಅದು ಸಾಮಾನ್ಯವಾಗಿ ವರ್ಷಕ್ಕೆ ಹತ್ತು ಸಾವಿರ ಡಾಲರ್ ದಾಟುತ್ತದೆ. ಅದರ ಮೇಲೆ ಬ್ರೋಕರುಗಳ ಖಾಸಗಿ ಕಾನೂನು ಬೇರೆ. ಸರಕಾರ 7,50,000 ಸಾಕೆಂದರೂ ಹೆಚ್ಚಿನ ಬ್ರೋಕರುಗಳು 10 ಲಕ್ಷ ಡಾಲರ್ ಹೊಣೆಗಾರಿಕೆ, ಜೊತೆಗೆ 1 ಲಕ್ಷದ ಸರಕು ವಿಮೆ ಕೇಳುತ್ತಾರೆ. ಅನುಮತಿ ಸಿಕ್ಕು ಕೆಲವು ತಿಂಗಳು ಕಳೆಯುವವರೆಗೆ ಲೋಡೇ ಕೊಡದವರೂ ಇದ್ದಾರೆ. ಲೋಡಿಲ್ಲದಿದ್ದರೆ ಕಂತು ಕಟ್ಟಲಾಗದು, ಕಂತು ನಿಂತರೆ ಅನುಮತಿ ಉಳಿಯದು.

ಹೊಸಬರಿಂದ ಅಪಾಯ ಹೆಚ್ಚು, ಆದ್ದರಿಂದ ಕಂತೂ ಹೆಚ್ಚು, ಇದರಲ್ಲಿ ಅನ್ಯಾಯವೇನು ಎಂದು ಕೇಳಬಹುದು. ಆದರೆ ಇಲ್ಲಿ ಹೊಸಬ ಯಾರು? ಕಂಪನಿಯ ಗಾಡಿಯನ್ನು ಹದಿನೈದು ವರ್ಷ ಒಂದು ಗೀರೂ ಬೀಳದಂತೆ ಓಡಿಸಿದವನು ಸ್ವಂತ ಅನುಮತಿ ಪಡೆದ ದಿನ ಹೊಸಬನಾಗುತ್ತಾನೆ. ಅವನ ಅನುಭವಕ್ಕೆ ಒಂದಿಷ್ಟು ಬೆಲೆ ಸಿಗುತ್ತದೆ, ಆದರೆ ಅನುಮತಿಪತ್ರದ ವಯಸ್ಸಿಗೆ ದಂಡ ತೆರಲೇಬೇಕು. ರಸ್ತೆ ಅದೇ, ಸ್ಟಿಯರಿಂಗ್ ಹಿಡಿದ ಕೈ ಅದೇ.

ಹೊಸ್ತಿಲು ದಾಟಲಾಗದವರಿಗೆ ಇನ್ನೊಂದು ದಾರಿ ಇಟ್ಟಿದ್ದಾರೆ. ದೊಡ್ಡ ಕಂಪನಿಯೊಂದಕ್ಕೆ ಗಾಡಿಯನ್ನು ಲೀಸ್ ಮೇಲೆ ಒಪ್ಪಿಸಿ, ಆ ಕಂಪನಿಯ ಅನುಮತಿ ಮತ್ತು ವಿಮೆಯ ಕೆಳಗೆ ಓಡಿಸುವುದು. ಈ ಲೀಸಿನ ಬಗ್ಗೆ ಫೆಡರಲ್ ನಿಯಮ ಹೇಳುವುದನ್ನು ಗಮನಿಸಿ: ಅವಧಿ ಮುಗಿಯುವವರೆಗೆ ಗಾಡಿಯ ಸ್ವಾಧೀನ ಮತ್ತು ನಿಯಂತ್ರಣ ಸಂಪೂರ್ಣವಾಗಿ ಕಂಪನಿಯದು. ಅಷ್ಟಾದರೂ ಓಡಿಸುವವನು ನೌಕರನೋ ಸ್ವತಂತ್ರನೋ ಎಂಬುದು ಈ ಮಾತಿನಿಂದ ತೀರ್ಮಾನವಾಗುವುದಿಲ್ಲ ಎಂದು ಅದೇ ನಿಯಮ ಸೇರಿಸುತ್ತದೆ. ನಿಯಂತ್ರಣ ಕಂಪನಿಗೆ; ಡೀಸೆಲ್, ಟೈರು, ರಿಪೇರಿ, ವಿಮೆಯ ಪಾಲು, ಠೇವಣಿ ಎಲ್ಲ ಚಾಲಕನ ಬಿಲ್ಲಿನಿಂದ ಕಡಿತ.

ಸ್ವಂತ ಗಾಡಿಯೂ ಇಲ್ಲದವನಿಗೆ ಕಂಪನಿಯೇ ಗಾಡಿ ಕೊಟ್ಟು, ದುಡಿದು ತೀರಿಸು ಎನ್ನುತ್ತದೆ. ಲೀಸ್-ಪರ್ಚೇಸ್ ಎಂಬುದು ಇದರ ಹೆಸರು. ಅಮೆರಿಕದ ಸಂಸತ್ತು 2021ರ ಮೂಲಸೌಕರ್ಯ ಕಾನೂನಿನ ಮೂಲಕ ಈ ಒಪ್ಪಂದಗಳನ್ನು ಪರಿಶೀಲಿಸಲು ಕಾರ್ಯಪಡೆಯೊಂದನ್ನು ರಚಿಸಿತು. ಅದು 2025ರ ಜನವರಿಯಲ್ಲಿ ವರದಿ ಕೊಟ್ಟು ಇವನ್ನು ನಿಷೇಧಿಸಬೇಕೆಂದೇ ಹೇಳಿತು. ಅದಕ್ಕೂ ಮೊದಲು, 2019ರಲ್ಲಿ, ನ್ಯೂ ಪ್ರೈಮ್ ಕಂಪನಿಯ ವಿರುದ್ಧ ಚಾಲಕನೊಬ್ಬ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಒಂದು ಕಿಂಡಿ ತೆರೆದಿತ್ತು. 1925ರ ಮಧ್ಯಸ್ಥಿಕೆ ಕಾಯ್ದೆಯ ವಿನಾಯಿತಿ ‘ಸ್ವತಂತ್ರ ಗುತ್ತಿಗೆದಾರ’ ಎಂದು ಕರೆಸಿಕೊಂಡ ಚಾಲಕರಿಗೂ ಅನ್ವಯಿಸುತ್ತದೆ ಎಂದು ಅದು ಹೇಳಿತು. ಕೂಲಿ ಕೇಳಲು ಕೋರ್ಟಿಗೆ ಹೋಗಬಹುದೇ ಎಂಬುದಕ್ಕೇ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಇದು ಸ್ವತಂತ್ರನ ಪಾಡು.

ರಸ್ತೆಯ ಇನ್ನೊಂದು ಬದಿಯಲ್ಲಿ, ಲಾರಿಗೆ ಸಿಕ್ಕಿ ಸತ್ತವರ, ಬದುಕಿಡೀ ಹಾಸಿಗೆ ಹಿಡಿದವರ ಕುಟುಂಬಗಳಿವೆ. 7,50,000 ಡಾಲರ್ ಎಂಬ ಕನಿಷ್ಠ ಮೊತ್ತ ನಿಗದಿಯಾದದ್ದು 1980ರ ದಶಕದಲ್ಲಿ. ಇಂದಿಗೂ ಅದೇ ಇದೆ. ಬೆಲೆಯೇರಿಕೆಯ ಲೆಕ್ಕ ಹಿಡಿದರೆ ಅದು 20 ಲಕ್ಷ ಡಾಲರ್ ದಾಟಬೇಕಿತ್ತು. ಅದೂ ಒಬ್ಬೊಬ್ಬರಿಗಲ್ಲ, ಇಡೀ ಅಪಘಾತಕ್ಕೆ. ಬೆನ್ನುಮೂಳೆ ಮುರಿದ ಒಬ್ಬರ ಆಸ್ಪತ್ರೆ ಖರ್ಚಿಗೇ ಅಲ್ಲಿ ಅಷ್ಟು ಸಾಲದೆ ಹೋಗಬಹುದು. ಮೊತ್ತ ಏರಿಸುವ ಯೋಚನೆಯನ್ನು ಇಲಾಖೆ 2014ರಲ್ಲಿ ಎತ್ತಿಕೊಂಡು 2017ರಲ್ಲಿ ಕೈಬಿಟ್ಟಿತು. 2021ರಲ್ಲಿ ಕೆಳಮನೆ ಒಪ್ಪಿದ ಮಸೂದೆಯಲ್ಲಿ 20 ಲಕ್ಷದ ಪ್ರಸ್ತಾವವಿತ್ತು, ಅಂತಿಮ ಕಾನೂನಿನಲ್ಲಿ ಅದು ಉಳಿಯಲಿಲ್ಲ.

ಏರಿಸಿದರೆ ಒಂಟಿ ಗಾಡಿಯವರು ಮುಳುಗುತ್ತಾರೆ ಎಂದು ಅವರ ಸಂಘ ವಿರೋಧಿಸಿತು. ಆ ಮಾತು ನಿಜ. ಏರಿಸದಿದ್ದರೆ ಸತ್ತವರ ಮನೆಯವರು ಮುಳುಗುತ್ತಾರೆ, ಅದೂ ನಿಜ. ನಾಲ್ಕು ದಶಕ ಇವರಿಬ್ಬರನ್ನೇ ಎದುರುಬದುರು ನಿಲ್ಲಿಸಿ ಜಗಳ ನೋಡಲಾಗಿದೆ. ಆ ಸರಕು ಯಾರದು, ಬಾಡಿಗೆ ಇಳಿಸಿದವರು ಯಾರು, ನಾಳೆ ಬೆಳಿಗ್ಗೆಯೇ ಮುಟ್ಟಬೇಕು ಎಂದವರು ಯಾರು ಎಂದು ಕೇಳಿದವರು ಕಡಿಮೆ. ಬ್ರೋಕರುಗಳು 75,000 ಡಾಲರ್‌ಗಳ ಬಾಂಡ್ ಇಡಬೇಕು ಎಂಬ ನಿಯಮವಿದೆ. ಅದು ಲಾರಿಯವನ ಬಾಡಿಗೆ ಬಾಕಿಗೆ ಭದ್ರತೆ, ಅಪಘಾತದಲ್ಲಿ ಸತ್ತವರಿಗೆ ಅದರಲ್ಲಿ ಬಿಡಿಗಾಸಿಲ್ಲ. ಅಪಾಯಕಾರಿ ಲಾರಿಯನ್ನು ಆರಿಸಿದ ತಪ್ಪಿಗೆ ಬ್ರೋಕರ್ ಮೇಲೆ ದಾವೆ ಹೂಡಬಹುದೇ ಎಂಬ ಪ್ರಶ್ನೆಗೆ ವರ್ಷಗಳ ಕಾಲ ಒಂದೊಂದು ಮೇಲ್ಮನವಿ ನ್ಯಾಯಾಲಯ ಒಂದೊಂದು ಉತ್ತರ ಕೊಟ್ಟಿದೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ವಿಮೆ ಎಂದಮೇಲೆ ಹೀಗೇ ಇರಬೇಕು ಎನ್ನುವವರು ನಮ್ಮ ದೇಶದ ಕಡೆಗೊಮ್ಮೆ ನೋಡಬಹುದು. ಇಲ್ಲಿ ಲಾರಿಗೆ ಕಡ್ಡಾಯವಾದ ಥರ್ಡ್ ಪಾರ್ಟಿ ವಿಮೆಯ ಕಂತನ್ನು ಕೇಂದ್ರ ಸರಕಾರ ನಿಗದಿ ಮಾಡುತ್ತದೆ. 2022ರ ಅಧಿಸೂಚನೆಯಲ್ಲಿ 20ರಿಂದ 40 ಟನ್ನಿನ ಲಾರಿಗೆ ಅದು 43,950 ರೂಪಾಯಿ. ಮಾಲೀಕ ಹೊಸಬನಾದರೂ ಹಳಬನಾದರೂ ಅಷ್ಟೇ. ಸಾವು ಮತ್ತು ಗಾಯಕ್ಕೆ ಪರಿಹಾರದ ಮಿತಿಯೂ ಇಲ್ಲ. ಇಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಪರ್ಮಿಟ್ ಇಲ್ಲದ ಗಾಡಿಯ ಪ್ರಕರಣದಲ್ಲಿ ವಿಮಾ ಕಂಪನಿ ಪರಿಹಾರ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಬಹುದೆಂದು ನಮ್ಮ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಒಂದೇ ಲಾರಿಯವನಿಗೆ ಅದು ಮನೆ ಮಾರುವ ಮಾತು. ಕಂತು ಸಾಲದೆಂದು ವಿಮಾ ಕಂಪನಿಗಳು, ಹೆಚ್ಚಾಯಿತೆಂದು ಲಾರಿ ಮಾಲೀಕರು ಗೊಣಗುವುದೂ ನಿಂತಿಲ್ಲ. ಆದರೂ ಕಂತನ್ನು ಹಿಡಿತದಲ್ಲಿಟ್ಟು ಪರಿಹಾರಕ್ಕೆ ಮಿತಿ ಹಾಕದೆ ಇರಲು ಸಾಧ್ಯ ಎಂಬುದಕ್ಕೆ ಪುರಾವೆ ನಮ್ಮ ರಸ್ತೆಗಳಲ್ಲೇ ಓಡಾಡುತ್ತಿದೆ.

ಹಾಗಾದರೆ ಮಾಡಬೇಕಾದದ್ದೇನು? ಕನಿಷ್ಠ ವಿಮೆ ಬೆಲೆಯೇರಿಕೆಯ ಜೊತೆಗೆ ಏರಲಿ. ಏರಿದ ಭಾರವನ್ನು ಲೋಡಿನ ಲೆಕ್ಕದಲ್ಲಿ ಸರಕಿನ ಒಡೆಯರು ಮತ್ತು ಬ್ರೋಕರುಗಳು ಹೊರಲಿ. ಹೊಸ ಅನುಮತಿಯ ಕಂತು ಚಾಲಕನ ಸ್ವಂತ ದಾಖಲೆಯ ಮೇಲೆ ನಿಲ್ಲಲಿ. ಗಾಡಿಯ ನಿಯಂತ್ರಣ ಯಾರ ಕೈಯಲ್ಲಿದೆಯೋ ಅವರು ಚಾಲಕನನ್ನು ನೌಕರನೆಂದು ಒಪ್ಪಿಕೊಂಡು ಸಂಬಳ ಕೊಡಲಿ. ಇದರಿಂದ ಸಾಗಣೆ ದುಬಾರಿಯಾಗುತ್ತದೆ ಎಂದು ಹೆದರಿಸುತ್ತಾರೆ. ಸಾಗಣೆ ಈಗಲೂ ದುಬಾರಿಯೇ. ಬೆಲೆ ತೆರುತ್ತಿರುವವರ ಹೆಸರು ಅಂಗಡಿಯ ಬಿಲ್ಲಿನಲ್ಲಿ ಕಾಣುವುದಿಲ್ಲ, ಅಷ್ಟೆ.