ಹಸಿರು ಕಲೆಗೆ ಬೆಲೆ ಕಟ್ಟುವ ಮುನ್ನ

ತಾಮ್ರದ ಬಿಂದಿಗೆಯನ್ನು ಬೆಳಗದೆ ಮೂಲೆಯಲ್ಲಿಟ್ಟರೆ ಕಾಲಕ್ರಮದಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಹುಣಸೆಹಣ್ಣು ತಿಕ್ಕಿದರೆ ಬಿಡುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಯಾವ ಮನೆಗೂ ಇದು ಹೊಸ ಸಂಗತಿಯಲ್ಲ. ಬಂಡೆಯ ಮೇಲೆ ಕಾಣುವ ಮಲಾಕೈಟ್ ಎಂಬ ಹಸಿರು ಖನಿಜವೂ ಬಹುಮಟ್ಟಿಗೆ ಇದೇ ಜಾತಿಯದು, ತಾಮ್ರದ ಕಾರ್ಬೊನೇಟು.

ನೆರೆಯ ಅರಸೀಕೆರೆ ತಾಲ್ಲೂಕಿನ ಕಲ್ಯಾಡಿಯಲ್ಲಿಯೂ ಚಿತ್ರದುರ್ಗದ ಬಳಿಯ ಇಂಗಳದಾಳದಲ್ಲಿಯೂ ಹಿಂದೆ ತಾಮ್ರದ ಗಣಿಗಾರಿಕೆ ನಡೆದಿತ್ತು. ಆದುದರಿಂದ ಹಸಿರು ಕಲ್ಲು ಕಂಡಲ್ಲಿ ಆಸೆ ಚಿಗುರುವುದು ಸಹಜವೇ. ಆ ಆಸೆಗೆ ತೋಟವನ್ನು ಒತ್ತೆಯಿಡುವ ಮುನ್ನ ಈ ಖನಿಜ ಹುಟ್ಟುವ ಬಗೆಯನ್ನು ಅರಿಯುವುದು ಲೇಸು.

ತಾಮ್ರದ ಮೂಲ ಅದಿರು ಸಾಮಾನ್ಯವಾಗಿ ಆಳದಲ್ಲಿ ಗಂಧಕದೊಡನೆ ಕೂಡಿಕೊಂಡಿರುತ್ತದೆ. ಮಳೆಯ ನೀರೂ ಗಾಳಿಯೂ ಇಳಿದಂತೆ ಅದು ಕರಗಿ, ತೆಂಗಿನ ಸುಳಿಕೊಳೆಗೆ ಹಾಕುವ ಬೋರ್ಡೋ ದ್ರಾವಣದ ಮೈಲುತುತ್ತವಾಗಿ ಹರಿಯುತ್ತದೆ. ಕಾರ್ಬೊನೇಟಿನ ಅಂಶವುಳ್ಳ ನೀರು ಅಥವಾ ಸುಣ್ಣಕಲ್ಲು ಎದುರಾದಲ್ಲಿ ಹಸಿರಾಗಿ ತಂಗುತ್ತದೆ; ಕೆಲವೆಡೆ ಜೊತೆಗೆ ನೀಲಿಯ ಅಜುರೈಟ್ ಸಹ ಕಾಣುತ್ತದೆ. ಕರಗಿದ ತಾಮ್ರ ಹುಟ್ಟಿದ ತಾಣವನ್ನು ಬಿಟ್ಟು ದೂರ ಸರಿದಿರಲೂಬಹುದು. ಶುದ್ಧ ಮಲಾಕೈಟಿನಲ್ಲಿ ಶೇಕಡಾ 57ಕ್ಕೂ ಮಿಕ್ಕಿ ತಾಮ್ರವಿದೆಯೆಂಬುದು ನಿಜ. ಆದರೆ ಬಂಡೆಗೆ ಅಂಟಿದ ಕಾಗದದಷ್ಟು ತೆಳುವಾದ ಪದರದಿಂದ ಬಂಡೆಯೊಳಗಿನ ಲೆಕ್ಕ ಹೇಳಲಾಗದು. ಅತಿ ಹಸಿರಾದ ತುಂಡನ್ನೇ ಆಯ್ದು ಪರೀಕ್ಷೆಗೆ ಕಳುಹಿಸುವುದು, ರಾಶಿಯ ಮೇಲಿನ ಬಿಳಿಯ ಕೊಬ್ಬರಿಯನ್ನು ನೋಡಿ ಇಡೀ ಲಾಟಿಗೆ ದರ ಕೂಗಿದಂತೆ. ಆ ತಪ್ಪನ್ನು ತಿಪಟೂರಿನ ಯಾವ ವರ್ತಕನೂ ಮಂಡಿಯಲ್ಲಿ ಮಾಡಲಾರನು.

ಹಸಿರೆಲ್ಲ ತಾಮ್ರವೂ ಅಲ್ಲ. ಹೊಳಲ್ಕೆರೆ ತಾಲ್ಲೂಕಿನ ಗಟ್ಟಿಹೊಸಹಳ್ಳಿಯ ಹಸಿರು ಬೆಣಚುಕಲ್ಲಿಗೆ ಬಣ್ಣ ಬಂದಿರುವುದು ಕ್ರೋಮಿಯಂ ಬೆರೆತ ಅಭ್ರಕದಿಂದ. ಬೆಣಚಿಗೆ ಚಾಕು ನಾಟದು. ಮಲಾಕೈಟನ್ನು ಚಾಕುವಿನಿಂದ ಗೀರಬಹುದು, ಮೇಲೆ ದುರ್ಬಲ ಆಮ್ಲ ಬಿದ್ದರೆ ನೊರೆಯುಕ್ಕುತ್ತದೆ. ಅಲಂಕಾರದ ಕಲ್ಲಾಗಿಯೂ ಅದು ಮೆದುವೇ.

ಚಿಕ್ಕನಾಯಕನಹಳ್ಳಿಗೆ ಅದಿರಿನ ಏರಿಳಿತ ಅಪರಿಚಿತವಲ್ಲ. 2011ರ ಆಗಸ್ಟ್ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತುಮಕೂರು ಜಿಲ್ಲೆಯ ಕಬ್ಬಿಣದ ಗಣಿಗಾರಿಕೆಯನ್ನು ತಡೆದಾಗ ಲಾರಿಗಳು ಒಮ್ಮೆಲೇ ನಿಂತವು. ತೆಂಗಿನ ಸಸಿ ಫಲಕ್ಕೆ ಬರಲು ಆರೇಳು ವರ್ಷ ಬೇಕು. ಕಡಿಯಲು ಒಂದು ದಿನ ಸಾಕು. ಆದಕಾರಣ ಮುಂಗಡ ಹಿಡಿದು ಬರುವವರನ್ನು ರೈತನು ಮೊದಲು ಕೇಳಬೇಕಾದುದು ಕೊಳವೆ ಕೊರೆದು ಆಳದಿಂದ ತೆಗೆದ ಮಾದರಿಗಳ ವಿಶ್ಲೇಷಣಾ ವರದಿಯನ್ನು. ಅದನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ತಜ್ಞರಿಗೆ ತೋರಿಸಿದ ನಂತರವೇ ಜಮೀನಿನ ಮಾತು ಎತ್ತಬಹುದು.