ಟ್ರ್ಯಾಕ್ಟರಿಗೆ ಎಷ್ಟು ಡೈಸ್? (ಭಾಗ 4)

ದೋಸ್ತ್ರ, ಡೈಸ್ ಎಸೆದು ಆಡೋ ಕಥೆಗೆ ಗಾಡಿ ತರೋವಾಗ ಎಲ್ರೂ ಬ್ರೋಶರ್ ನೋಡಿ ವೇಗ ಬರೀತೀರಿ. ಲೆಕ್ಕ ಸುಲಭ ಐತಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಾಗ ಒಂದು ಸುತ್ತು ಅಂದ್ರ 6 ಸೆಕೆಂಡು. ತಾಸಿಗೆ 60 ಕಿ.ಮೀ. ಓಡೋ ಸ್ಪ್ಲೆಂಡರ್ ಸುತ್ತಿಗೆ 100 ಮೀಟರ್, 30ರ ಟ್ರ್ಯಾಕ್ಟರ್ 50.

ಇಷ್ಟಕ್ಕೇ ಬಿಟ್ರ ಯಾವಾಗ್ಲೂ ಬೈಕೇ ಗೆಲ್ತೈತಿ. ಶಿಗ್ಗಾಂವಿ ಹೈವೇ ಮ್ಯಾಲ ಗೆಲ್ಲಲಿ, ತಕರಾರಿಲ್ಲ. ಆದ್ರ ಮಳಿ ಬಿದ್ದ ಸವಣೂರಿನ ಎರಿ ಹೊಲದಾಗ? ಮಡ್‌ಗಾರ್ಡ್ ತುಂಬ ಮಣ್ಣು ಕಟ್ಟಿ ಚಕ್ರಾನೇ ತಿರುಗಂಗಿಲ್ಲ!

ಅದಕ್ಕ ನನ್ನ ವಾದ: ವೇಗಕ್ಕಿಂತ ನೆಲಕ್ಕ ಹೆಚ್ಚು ಅಂಕ ಕೊಡ್ರಿ. ಹಸಿ ಎರಿ ದಾಟಾಕ 20 ಮುಖದ ಡೈಸಿನಾಗ ಬೈಕಿಗೆ 18 ಬೀಳಬೇಕು, ಟ್ರ್ಯಾಕ್ಟರಿಗೆ 8 ಸಾಕು, ಹಿಂದ ಗೋವಿನಜೋಳದ ಟ್ರೇಲರ್ ಇದ್ರ 13. ಚಕ್ಕಡಿಗೆ 10 ಇಡ್ತೀನಿ, ಆದ್ರ ಎತ್ತಿನ ದಣಿವೂ ಎಣಿಸಬೇಕು. ಅದು ಯಾವ ಬ್ರೋಶರಿನಾಗೂ ಸಿಗಂಗಿಲ್ಲ, ಮನ್ಯಾಗ ಅಜ್ಜನ್ನ ಕೇಳ್ರಿ.