ಜಿಗಿಹುಳುವಿಗೆ ಹಳೇ ಭತ್ತದ ಬೀಗ!
ಗದ್ದೆ ನಡುವೆ ಭತ್ತ ದುಂಡಗೆ ಸುಟ್ಟ ಹಾಗೆ ಒಣಗಿತೇ? ಅದು ಕಂದು ಜಿಗಿಹುಳುವಿನ ಕೆಲಸ. ರೈತ ಔಷಧಿ ಅಂಗಡಿಗೆ ಓಡುತ್ತಾನೆ. ಕಂಡಕಂಡ ಔಷಧಿ ಹೊಡೆದರೆ ಹುಳು ತಿನ್ನುವ ಜೇಡವೇ ಸಾಯುತ್ತೆ, ಜಿಗಿಹುಳು ಇನ್ನಷ್ಟು ಹೆಚ್ಚುತ್ತೆ!

ತಡೆಗುಣ ಇರುವುದು ಹಳೇ ತಳಿಗಳಲ್ಲಿ. ಭಾರತದ 'ಮುಡ್ಗೊ' ಭತ್ತದಲ್ಲಿ ಗುರುತಿಸಿದ ಜೀನೇ 1973ರಲ್ಲಿ ಫಿಲಿಪೈನ್ಸ್‌ನಿಂದ ಬಂದ ಐಆರ್-26ರಲ್ಲೂ ಇತ್ತು. ಆದರೆ ಒಂದೇ ಬೀಗ. ಮೂರ್ನಾಲ್ಕು ವರ್ಷದಲ್ಲೇ ಅಲ್ಲಿಯೂ ಇಂಡೋನೇಷ್ಯಾದಲ್ಲಿಯೂ ಹುಳು ಬೀಗ ಮುರಿಯಿತು.

ನೆರೆಯ ಕೇರಳದ ಪಟ್ಟಾಂಬಿಯ ಪಿಟಿಬಿ-33ರಲ್ಲಿ ಒಂದಕ್ಕಿಂತ ಹೆಚ್ಚು ಬೀಗಗಳಿವೆ. ಹೊಸ ತಳಿ ಹುಳು ತಡೆಯುತ್ತದೋ ಇಲ್ಲವೋ ಎಂದು ನೋಡಲು ಇಂದಿಗೂ ಇದೇ ಅಳತೆಗೋಲು.

ಇಳುವರಿ ಕಡಿಮೆ ಅಂತ ಹಳೇ ಬೀಜ ಕಳೆದುಕೊಂಡರೆ, ನಾಳೆ ಹೊಸ ಬೀಗ ಯಾವ ಅಂಗಡಿಯಲ್ಲಿ ಸಿಕ್ಕೀತು?